ಕೊನೆಯ ತಟ್ಟೆ

ಚಿಕ್ಕಮುನಿಯಮ್ಮನ ಚಿತ್ರಾನ್ನವನ್ನು ಬೇಡ ಅಂದವರು ಇಂದಿರಾನಗರದಲ್ಲಿ ಈವರೆಗೆ ಯಾರೂ ಇರಲಿಲ್ಲ. ಮಗ ಕೆಂಪರಾಜನ ಕಟ್ಟಡದ ಕೆಳಗೆ ಬಾಡಿಗೆಗಿರುವ ಪಬ್ಬಿನ ಹುಡುಗರು ಕೂಡ, ಮೇಲಿನ ಮಹಡಿಯಿಂದ ಒಗ್ಗರಣೆಯ ವಾಸನೆ ಇಳಿದು ಬಂದರೆ ಸಾಕು, ನೀರಿನ ಮೋಟರಿನ ನೆಪ ಹೇಳಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಹಾಗಿರುವಾಗ ಹಲಸೂರಿನ ಮೆಟ್ರೋ ಕಂಬದ ಕೆಳಗೆ ಮಲಗುವ ಮನುಷ್ಯನೊಬ್ಬ ಅವಳು ಕೊಟ್ಟ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಬಿಚ್ಚಿಯೂ ನೋಡದೆ ಪಕ್ಕದವರಿಗೆ ದಾಟಿಸಿಬಿಟ್ಟ ಅಂದರೆ ಅವಳಿಗೆ ಹೇಗಾಗಬೇಡ?

"ನಮ್ಮನೆ ಅನ್ನ ಆಗಲ್ವಂತಾ ಅವ್ರಿಗೆ?" ಎಂದು ಅವಳು ಮಧುಕರ್ ಅವರನ್ನು ಅಲ್ಲೇ ಫುಟ್‌ಪಾತಿನ ಮೇಲೆ ನಿಲ್ಲಿಸಿಕೊಂಡು ಕೇಳಿದಳು.

"ಹಂಗಲ್ಲಮ್ಮ. ಯಾರು ಏನ್ ಕೊಟ್ರೂ ಅಷ್ಟೆ, ತಿನ್ನಲ್ಲ. ಸ್ವಲ್ಪ ತಲೆ ಸರಿ ಇಲ್ವೇನೋ ಅಂತ ನಮ್ಗೂ ಡೌಟು."

"ತಲೆ ಸರಿ ಇಲ್ದೋರು ಅನ್ನಾನ ಕಣ್ಣಿಗೊತ್ಕೊಂತಾರಾ ಸಾರ್? ಅದೇನೋ ಬೇರೆ ಇದೆ."

ಮಧುಕರ್ ಜೀವನ್ ಬಿಮಾ ನಗರದವರು. ವಿಮಾ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿ, ಮನೆಯಲ್ಲಿ ಕೂರಲಾಗದೆ ಚಡಪಡಿಸುತ್ತಿದ್ದವರು. ಬೆಳಗಿನ ವಾಕಿಂಗಿನ ಗೆಳೆಯರನ್ನು ಸೇರಿಸಿಕೊಂಡು ಒಂದು ಗುಂಪು ಕಟ್ಟಿದ್ದರು. ಶಿವಾಜಿನಗರ, ಕಂಟೋನ್ಮೆಂಟ್ ಸ್ಟೇಷನ್ನು, ಹಲಸೂರು, ಈ ಕಡೆಗಳಲ್ಲಿ ಬೀದಿಯಲ್ಲಿ ಮಲಗುವವರ ನಡುವೆ ಸೈನ್ಯದಲ್ಲಿದ್ದು ಬಂದವರು ಯಾರಾದರೂ ಇದ್ದಾರೆಯೇ ಎಂದು ಹುಡುಕುವುದು, ಭಾನುವಾರ ಬೆಳಿಗ್ಗೆ ತಿಂಡಿ ಕೊಡುವುದು, ಔಷಧ ಮಾಡಿಸುವುದು, ಕೊನೆಗೆ ಎಲ್ಲಾದರೂ ಒಂದು ಸೂರು ಕೊಡಿಸುವುದು, ಇಷ್ಟೇ ಅವರ ಕೆಲಸ. ಮೊದಮೊದಲು ಹೋಟೆಲಿನ ಇಡ್ಲಿ ಹಂಚುತ್ತಿದ್ದರು. ಪಾರ್ಕಿನ ಬೆಂಚಿನ ಮೇಲೆ ಕೂತು ಇದನ್ನು ಕೇಳಿಸಿಕೊಂಡ ಚಿಕ್ಕಮುನಿಯಮ್ಮ, "ದೇಶ ಕಾದೋರಿಗೆ ಹೋಟ್ಲು ಇಡ್ಲಿ ಕೊಡ್ತೀರಾ, ಅದೂ ತಣ್ಣಗಾಗಿರೋದು?" ಎಂದು ದಬಾಯಿಸಿ, ಅಡುಗೆಯನ್ನು ತನ್ನ ಕೈಗೆ ತೆಗೆದುಕೊಂಡಿದ್ದಳು. ಯಾರೂ ಅವಳನ್ನು ಕರೆದಿರಲಿಲ್ಲ. ಬೇಡ ಅನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ಅವಳ ಕಡೆಯವರು ಯಾರೂ ಸೈನ್ಯಕ್ಕೆ ಸೇರಿದವರಲ್ಲ. ಬಿನ್ನಮಂಗಲದ ಒಕ್ಕಲು ಜನ, ಹೊಲ ಬಿಟ್ಟು ಹೋದವರೇ ಅಲ್ಲ. ಆದರೆ ಅವಳ ಬಾಲ್ಯದ ಮುಂಜಾವುಗಳೆಲ್ಲ ಆರಂಭವಾಗುತ್ತಿದ್ದದ್ದು ಹಲಸೂರಿನ ಬ್ಯಾರಕ್ಕುಗಳ ಕಡೆಯಿಂದ ಕೇಳಿಬರುತ್ತಿದ್ದ ಬ್ಯೂಗಲ್ಲಿನಿಂದ. ಆಗ ಇಂದಿರಾನಗರ ಅನ್ನುವ ಹೆಸರೇ ಹುಟ್ಟಿರಲಿಲ್ಲ. ಈಗ ಹುಡುಗ ಹುಡುಗಿಯರು ನಡುರಾತ್ರಿಯವರೆಗೆ ಕುಣಿಯುವ ಜಾಗದಲ್ಲಿ ಅವಳಪ್ಪನ ಎಮ್ಮೆ ಕೊಟ್ಟಿಗೆ ಇತ್ತು, ನೂರಡಿ ರಸ್ತೆ ಹಾದು ಹೋದ ಕಡೆ ರಾಗಿ ತೆನೆ ತೂಗುತ್ತಿತ್ತು. ಅಪ್ಪ ಬ್ಯಾರಕ್ಕಿಗೆ ಹಾಲು ಹಾಕುತ್ತಿದ್ದ. ಸೈಕಲ್ಲಿನ ಎರಡು ಕಡೆ ಹಾಲಿನ ಕ್ಯಾನು, ಮುಂದಿನ ಕಂಬಿಯ ಮೇಲೆ ಇವಳು. ಮಂಜಿನಲ್ಲಿ ಹೊಲದ ಬದು ಹಿಡಿದು ಹೋಗುವಾಗ ಅವಳ ಕಾಲಿನ ಬೆರಳು ಮರಗಟ್ಟುತ್ತಿದ್ದವು, ಆದರೂ ಒಂದು ದಿನ ತಪ್ಪಿಸಿದವಳಲ್ಲ. ಏಕೆಂದರೆ ದಾರಿಯ ಕೊನೆಗೆ ಲಂಗರ್ ಇತ್ತು.

ಲಂಗರ್ ಅಂದರೆ ಸಿಪಾಯಿಗಳ ಅಡುಗೆಮನೆ. ಅಷ್ಟು ದೊಡ್ಡ ಒಲೆಗಳನ್ನು, ಅಷ್ಟು ದೊಡ್ಡ ಬಾಣಲೆಗಳನ್ನು ಅವಳು ಮತ್ತೆಲ್ಲೂ ಕಂಡಿರಲಿಲ್ಲ. ಪೂರಿಗಳು ಉಬ್ಬಿ ಉಬ್ಬಿ ಬೆತ್ತದ ಪುಟ್ಟಿಗೆ ಬೀಳುತ್ತಿದ್ದವು. ಅಲ್ಲಿನ ಯಜಮಾನಿಕೆ ತಮಿಳಿನ ಒಬ್ಬ ಹವಾಲ್ದಾರನದು. "ಪಾಲ್ ವಂದಾಚಾ, ಪಾಪಾ?", ಹಾಲು ಬಂತಾ ಮಗು, ಎಂದು ದೊಡ್ಡ ದನಿಯಲ್ಲಿ ಕೇಳುತ್ತ, ಅಪ್ಪ ಹಾಲು ಅಳೆದು ಸುರಿಯುವಷ್ಟರಲ್ಲಿ ಅವಳ ಕೈಗೆ ಬಿಸಿ ಟೀ ತುಂಬಿದ ಎನಾಮೆಲ್ ಮಗ್ಗು ಕೊಡುತ್ತಿದ್ದ. ಆ ಮಗ್ಗನ್ನು ಅವಳು ಎರಡು ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಆ ಬಿಸಿ ಈ ಎಪ್ಪತ್ತರ ವಯಸ್ಸಿನಲ್ಲೂ ಅವಳ ಕೆನ್ನೆಯ ಮೇಲೆ ಹಾಗೆಯೇ ಇತ್ತು. ಭಾನುವಾರ ಇನ್ನೂ ಕತ್ತಲಿರುವಾಗಲೇ ಎದ್ದು ಒಲೆ ಹಚ್ಚಲು ಅವಳಿಗೆ ಬೇರೆ ಕಾರಣ ಬೇಕಿರಲಿಲ್ಲ.

ಅಂಥವಳ ಪೊಟ್ಟಣವನ್ನು ಈ ಮನುಷ್ಯ ತಿನ್ನದೆ ದಾಟಿಸಿದ್ದ.

ಅವನ ಹೆಸರು ಹುಲಿಗೆಪ್ಪ, ಕೊಪ್ಪಳದ ಕಡೆಯವನು, ಸೈನ್ಯದಲ್ಲಿ ನಾಯಕ್ ದರ್ಜೆಯಲ್ಲಿದ್ದವನು. ಹೆಂಡತಿಗೆ ಕಾಯಿಲೆಯೆಂದು, ಪಿಂಚಣಿ ಬರುವಷ್ಟು ವರ್ಷ ತುಂಬುವ ಮೊದಲೇ ಬಿಟ್ಟು ಬಂದಿದ್ದ. ಹೆಂಡತಿಯೂ ಉಳಿಯಲಿಲ್ಲ. ಆಮೇಲೆ ಬೆಂಗಳೂರಿಗೆ ಬಂದು ಅಪಾರ್ಟ್‌ಮೆಂಟುಗಳ ಗೇಟು ಕಾದ. ಕಣ್ಣು ಮಂಜಾಗಿ, ಕಾಲಿನ ಗಾಯ ಮಾಯದೆ ಹೋದಾಗ ಗೇಟೂ ಹೋಯಿತು, ಗೇಟಿನ ಪಕ್ಕದ ಕೋಣೆಯೂ ಹೋಯಿತು. ಈಗ ಕಂಬದ ಕೆಳಗೆ ರಟ್ಟು ಹಾಸಿಕೊಂಡಿದ್ದ. ಹಾಸಿಗೆಯನ್ನು ಮಾತ್ರ ಬೆಳಗಾಗುತ್ತಲೇ ನಾಲ್ಕು ಮೂಲೆ ಕೂಡುವಂತೆ ಮಡಿಸಿಡುತ್ತಿದ್ದ.

ಅವನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದವಳು ಶಿವಾಜಿನಗರದ ಆಸ್ಪತ್ರೆಯೊಂದರ ನರ್ಸು ಜಹನಾರಾ. ಭಾನುವಾರ ಅವಳಿಗೆ ರಜೆ, ಆ ರಜೆಯನ್ನು ಈ ಗುಂಪಿಗೆ ಬರೆದುಕೊಟ್ಟಿದ್ದಳು. ಅವಳು ಚಿಕ್ಕಮುನಿಯಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದಳು:

"ಅಮ್ಮಾ, ನಿಮ್ಮ ಬೇಜಾರು ಆಮೇಲೆ. ಇವ್ರು ತಿನ್ಲೇಬೇಕು. ಹೊಟ್ಟೆಗೇನೂ ಇಲ್ದೆ ಈ ಮಾತ್ರೆ ಕೊಟ್ರೆ ಕರುಳು ಸುಟ್ಟೋಗುತ್ತೆ. ಕೊಡ್ದೆ ಬಿಟ್ರೆ ಕಾಲು ಹೋಗುತ್ತೆ. ಸಂಜೆ ಒಂದು ಟೀ, ಒಂದು ಬನ್ನು, ಇಷ್ಟೇ ಇವ್ರ ಊಟ."

"ಅದಕ್ಕೇ ಆಶ್ರಮಕ್ಕೆ ಬನ್ನಿ ಅಂತ ಬಡ್ಕೊಂತಿರೋದು," ಎಂದರು ಮಧುಕರ್. ಕೆ.ಆರ್. ಪುರದ ಆಚೆ ನಿವೃತ್ತ ಸುಬೇದಾರರೊಬ್ಬರು ಮನೆಯಿಲ್ಲದ ಸಿಪಾಯಿಗಳಿಗೆಂದೇ ಒಂದು ಪುಟ್ಟ ಆಶ್ರಮ ನಡೆಸುತ್ತಿದ್ದರು. ಅಲ್ಲಿ ಒಂದು ಮಂಚ ಖಾಲಿಯಾಗಿತ್ತು. "ಬಂದ್ರೆ ಕಾಲೂ ಉಳಿಯುತ್ತೆ, ಮನುಷ್ಯಾನೂ ಉಳೀತಾರೆ. ಆದ್ರೆ ಬಹಳ ದಿನ ಕಾಯಲ್ಲ ಅವ್ರು. ಬೇರೆಯವ್ರು ಕ್ಯೂನಲ್ಲಿದ್ದಾರೆ."

ಹುಲಿಗೆಪ್ಪ ಜಪ್ಪಯ್ಯ ಅಂದರೂ ಕೇಳುತ್ತಿರಲಿಲ್ಲ. "ಇಲ್ಲಿ ಮಂದಿ ಅದಾರ್ರಿ," ಅನ್ನುತ್ತಿದ್ದ, ಅಷ್ಟೇ.

ಅವನು ಮಂದಿ ಅನ್ನುತ್ತಿದ್ದದ್ದು ಆ ಫುಟ್‌ಪಾತಿನ ಉದ್ದಕ್ಕೂ ಮಲಗುವವರನ್ನು. ರಾಯಚೂರು, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಬಾಡಿಗೆ ಕೋಣೆ ಸಿಗುವ ತನಕ ಅಲ್ಲೇ ಇದ್ದ ಸಂಸಾರಗಳು. ಅವರಲ್ಲಿ ಕಾವೇರಿ ಎಂಬ ಹೆಂಗಸು ಅವನ ಪಕ್ಕದ ಕಂಬದವಳು. ಗಂಡ ಹೆಂಡತಿ ಕೆಲಸಕ್ಕೆ ಹೋದಾಗ ಅವರ ಗಂಟುಮೂಟೆ ಕಾಯುವವನು ಹುಲಿಗೆಪ್ಪ, ಅವಳ ಬಾಯಲ್ಲಿ ಮುತ್ತ್ಯಾ, ಅಂದರೆ ಅಜ್ಜ. ಆದರೆ ಮಧುಕರ್ ಅವರ ಗುಂಪು ತರುತ್ತಿದ್ದದ್ದು ಮಾಜಿ ಸೈನಿಕರಿಗೆ ಮಾತ್ರ, ಅಂದರೆ ಆ ಕಂಬಕ್ಕೆ ಒಂದೇ ಪೊಟ್ಟಣ. ಮಂದಿಗೆಲ್ಲ ಎಲ್ಲಿಂದ ತರೋಣ ಅನ್ನುವುದು ಅವರ ಲೆಕ್ಕ. ಅದೂ ತಪ್ಪೇನಲ್ಲ ಬಿಡಿ.

ಮನೆಗೆ ಬಂದರೂ ಚಿಕ್ಕಮುನಿಯಮ್ಮನ ಸಿಟ್ಟು ಇಳಿಯಲಿಲ್ಲ. ಸೊಸೆ ಶ್ವೇತ ಮೊಬೈಲು ನೋಡುತ್ತಲೇ ಅಡುಗೆಮನೆಯ ಬಾಗಿಲು ದಾಟಿ ಹೋಗುತ್ತ, "ಅತ್ತೆ, ತಿಂದ್ರಾ?" ಎಂದು ಕೇಳಿದಳು.

"ಆಮೇಲೆ ತಿಂತೀನಿ ಹೋಗಮ್ಮ."

ಶ್ವೇತ ಹೋಗಿಯೇಬಿಟ್ಟಳು. ಒಳ್ಳೆಯ ಹುಡುಗಿ, ದಿನವೂ ತಪ್ಪದೆ ಕೇಳುತ್ತಾಳೆ, ಪಾಪ. ಉತ್ತರಕ್ಕೆ ಕಾಯುವಷ್ಟು ಪುರುಸೊತ್ತು ಈ ಕಾಲದವರಿಗೆಲ್ಲಿ? ಸಕ್ಕರೆ ಕಾಯಿಲೆ ಇದೆ, ಹೊತ್ತಿಗೆ ಸರಿಯಾಗಿ ತಿನ್ನಿ ಎಂದು ಡಾಕ್ಟರು ಬೈದದ್ದು ಚಿಕ್ಕಮುನಿಯಮ್ಮನಿಗೆ ನೆನಪಿತ್ತು. ಆದರೆ ಎಲ್ಲರದೂ ಆದ ಮೇಲೆ, ಒಲೆ ಒರೆಸಿದ ಮೇಲೆ, ನಿಂತುಕೊಂಡೇ ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಿನ್ನುವುದು ಅವಳಿಗೆ ಉಸಿರಾಡಿದಷ್ಟು ಸಹಜವಾಗಿತ್ತು. ಅವಳವ್ವ ಹಾಗೇ ತಿಂದಳು, ಅತ್ತೆ ಹಾಗೇ ತಿಂದಳು. ಅದನ್ನು ಯಾರೂ ಕಷ್ಟವೆಂದು ಕರೆದಿರಲಿಲ್ಲ, ಅವಳೂ ಕರೆದಿರಲಿಲ್ಲ.

ಮುಂದಿನ ಭಾನುವಾರಕ್ಕೆ ಅವಳು ಹಟ ತೊಟ್ಟಳು. ಆ ಕಡೆಯ ಮನುಷ್ಯ, ಜೋಳದ ರೊಟ್ಟಿ ಕಂಡರೆ ಬಾಯಲ್ಲಿ ನೀರೂರದೆ ಇರುತ್ತದೆಯೇ? ಜೋಳದ ಹಿಟ್ಟು ತರಿಸಿದಳು. ಆದರೆ ಮುದ್ದೆ ಕಟ್ಟಿ ಪಳಗಿದ ಕೈಗೆ ರೊಟ್ಟಿ ತಟ್ಟುವುದು ಒಗ್ಗಬೇಕಲ್ಲ. ಒಂದು ಹರಿಯಿತು, ಒಂದು ಸುಟ್ಟಿತು, ಉಳಿದವು ಹಲಗೆಯಂತಾದವು. ಅವನ್ನೇ ಬದನೆಕಾಯಿ ಪಲ್ಯದ ಜೊತೆ ಕಟ್ಟಿಕೊಂಡು, ಈ ಸಲ ಹಟಕ್ಕೆ ನಾಲ್ಕು ಜನರಿಗಾಗುವಷ್ಟು ಪಾತ್ರೆಗೆ ತುಂಬಿ ಹೊತ್ತುಕೊಂಡು ಹೋದಳು.

ಹುಲಿಗೆಪ್ಪ ಒಂದು ರೊಟ್ಟಿಯನ್ನು ಎತ್ತಿ ಬೆರಳಲ್ಲಿ ಬಡಿದು ನೋಡಿದ. ಟಣ್ ಅಂತು.

"ಅಕ್ಕಾರ, ಇವ್ನ ಬಂಕರ್ ಮ್ಯಾಲ ಹೊದಿಸಿದ್ರ ಗುಂಡು ಒಳಗ ಬರೂದಿಲ್ರಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಮೂವತ್ತೆರಡು ಹಲ್ಲಿರುವವರು ತಿನ್ನುವಂಥದ್ದನ್ನೇ ಕಟ್ಟಿ ತಂದಿದ್ದೀನಿ ತಿನ್ನಿ ಅಂದಳು. ಅವನೂ ನಕ್ಕ. ನಕ್ಕು, ಎದ್ದು ನಿಂತು ಕೂಗಿದ: "ಏ ಕಾವೇರಿ, ಹುಡುಗೂರ್ನ ಕರಕೊಂಡ ಬಾ. ಸಾಲಾಗಿ ನಿಂದರ್ರಿ. ಮೊದ್ಲ ಸಣ್ಣವ್ರು." ನೋಡುತ್ತಿದ್ದಂತೆಯೇ ರೊಟ್ಟಿ ಮುರಿದು, ಪಲ್ಯ ಹಾಕಿ, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಆಗದಂತೆ ಸಾಲಿನ ಕೊನೆಯವರೆಗೆ ಹಂಚಿಬಿಟ್ಟ. ಪಾತ್ರೆ ಖಾಲಿ. ಆಮೇಲೆ ಪಾತ್ರೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದ, ಸೌಟನ್ನು ಒಂದು ಸುತ್ತು ಎಳೆದ, ಏನೂ ಸಿಗದಾಗ ತಲೆಯಾಡಿಸಿ ಅದನ್ನು ಬೋರಲು ಹಾಕಿ ಅದರ ಮೇಲೆ ಕೂತ. ಕೂತು ಮಂದಿ ತಿನ್ನುವುದನ್ನು ನೋಡತೊಡಗಿದ. ಅವನ ಮುಖದಲ್ಲಿ ಹಸಿವಿತ್ತು, ಆದರೆ ಬೇಸರ ಇರಲಿಲ್ಲ.

ಚಿಕ್ಕಮುನಿಯಮ್ಮ ನಿಂತಲ್ಲೇ ನಿಂತುಬಿಟ್ಟಳು. ಲಂಗರಿನಲ್ಲಿ ಕಂಡದ್ದೆಲ್ಲ ತನಗೆ ನೆನಪಿದೆ ಅಂದುಕೊಂಡಿದ್ದಳು, ಇದೊಂದು ಮರೆತೇ ಹೋಗಿತ್ತು. ಅಪ್ಪನ ಸೈಕಲ್ಲು ಕೆಟ್ಟು ಹೊತ್ತಾದ ಒಂದು ಬೆಳಿಗ್ಗೆ ಅವರು ಅಲ್ಲಿಗೆ ತಲುಪಿದಾಗ ಸಿಪಾಯಿಗಳದೆಲ್ಲ ಮುಗಿದು, ಒಲೆ ಆರಿ, ಜಾಗ ಭಣಗುಟ್ಟುತ್ತಿತ್ತು. ತಮಿಳಿನ ಹವಾಲ್ದಾರ ಒಬ್ಬನೇ ಬೋರಲು ಹಾಕಿದ ದೊಡ್ಡ ಪಾತ್ರೆಯ ಮೇಲೆ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ಬಾಡಿದ ಎರಡು ಪೂರಿ ತಿನ್ನುತ್ತಿದ್ದ. ಇಷ್ಟು ದೊಡ್ಡ ಅಡುಗೆಮನೆಯ ಯಜಮಾನ ಇಷ್ಟೇನಾ ತಿನ್ನೋದು ಎಂದು ಅವಳು ಅಪ್ಪನನ್ನು ಕೇಳಿದ್ದಳು. "ಅವ್ರು ಕೊನೇಗೆ ಕಣವ್ವ. ಎಲ್ರುದೂ ಆಗೋಗಂಟ ಅವ್ರು ಮುಟ್ಟಂಗಿಲ್ಲ," ಎಂದಿದ್ದ ಅಪ್ಪ.

ಅವಳು ಹುಲಿಗೆಪ್ಪನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು. "ನೀವು ಲಂಗರ್‌ನಲ್ಲಿದ್ರಾ?"

ಅವನು ಥಟ್ಟನೆ ತಲೆಯೆತ್ತಿದ. ಆ ಮಾತನ್ನು ಒಬ್ಬ ಮುದುಕಿಯ ಬಾಯಲ್ಲಿ, ಫುಟ್‌ಪಾತಿನ ಮೇಲೆ, ಅವನು ನಿರೀಕ್ಷಿಸಿರಲಿಲ್ಲ.

"ನಿಮಗ್ಯಾರ ಹೇಳಿದ್ರು?"

"ನಮ್ಮಪ್ಪ ಹಾಲಾಕ್ತಿದ್ರು, ಇಲ್ಲೇ ಬ್ಯಾರಕ್‌ಗೆ. ನಾನು ಮಗ್ಗಲ್ಲಿ ಟೀ ಕುಡ್ದಿದೀನಿ."

ಅವನ ಮಂಜುಗಣ್ಣು ಒಮ್ಮೆಲೇ ಅರಳಿತು. "ಮಗ್ಗ ತುಂಬ ಟೀ. ಯಾಲಕ್ಕಿ ಹಾಕಿ," ಎಂದ. ಆಮೇಲೆ ಅವನ ಮಾತು ನಿಲ್ಲಲಿಲ್ಲ. ಹಿಮದಲ್ಲಿ ಸೀಮೆಎಣ್ಣೆ ಸ್ಟವ್ ಹೊತ್ತಿಸುವುದು, ಹಿಟ್ಟು ಕಲಸಿದ ಕೈ ಹಾಗೇ ಮರಗಟ್ಟುವುದು, ಪಹರೆಯಿಂದ ಬರುವ ಹುಡುಗರ ಬೂಟಿನ ಸಪ್ಪಳ ಕೇಳಿದರೆ ಬೇಳೆಗೆ ಇನ್ನೊಮ್ಮೆ ಒಗ್ಗರಣೆ ಕೊಡುವುದು, ಎಲ್ಲ ಹೇಳಿದ. ಅವನು ಕಂಪನಿಯ ಲಂಗರ್ ಕಮಾಂಡರ್ ಆಗಿದ್ದನಂತೆ. ಎದುರಿಗೆ ಬಿಎಂಟಿಸಿ ಬಸ್ಸುಗಳು ಹಾರ್ನು ಹೊಡೆಯುತ್ತ ಹೋಗುತ್ತಿದ್ದವು, ಇವರಿಬ್ಬರಿಗೂ ಅದರ ಪರಿವೆ ಇರಲಿಲ್ಲ.

"ಮಂದಿ ಉಂಡ ಮ್ಯಾಲ ಲಂಗರ್ ಕಮಾಂಡರ್ ಉಣ್ಣಬೇಕ್ರಿ ಅಕ್ಕಾರ. ಅದ ಯಾರ್ದೂ ಹುಕುಂ ಅಲ್ಲ, ನಮ್ಮ ರೂಢಿ. ಹಸದವ್ರ ಮುಂದ ಕುಂತು ನಾ ಹ್ಯಾಂಗ್ ಉಣ್ಣಲಿ? ಗಂಟಲ್ದಾಗ ಇಳಿಯೂದಿಲ್ಲ."

"ಹಂಗಂತ ಕಾಲು ಕಳ್ಕೊಂತೀರಾ?"

ಅವನು ಎದ್ದು, ಪಾತ್ರೆಯನ್ನು ಒರೆಸಿ ಅವಳ ಮುಂದಿಟ್ಟ.

ಅವಳು ಮಧುಕರ್ ಕಡೆ ತಿರುಗಿದಳು. "ಸಾರ್, ತಲೆ ಸರಿ ಇಲ್ದಿದ್ದು ಇವ್ರುದಲ್ಲ, ನಮ್ದು. ಇಷ್ಟು ಜನದ ಮಧ್ಯಕ್ಕೆ ಒಂದು ಪೊಟ್ಟಣ ತಂದು, ತಿನ್ನಿ ತಿನ್ನಿ ಅಂದ್ರೆ? ಮುಂದಿನ್ ವಾರ ಈ ಬೀದಿಗೆಲ್ಲ ನಾನು ಮಾಡ್ತೀನಿ. ಅಲ್ಲಿಗಂಟ ಆ ಮಂಚ ಹಿಡ್ಕೊಳಿ."

ಮಧುಕರ್ ಫೋನು ಮಾಡಿ ಸುಬೇದಾರರನ್ನು ಕಾಡಿ ಬೇಡಿ ಒಂದು ವಾರದ ಗಡುವು ತಂದರು. ಮುಂದಿನ ಭಾನುವಾರ ದಾಟಿದರೆ ಮಂಚ ಬೇರೆಯವರಿಗೆ. ಗಾಯದ ಬಣ್ಣ ನೋಡಿ ಜಹನಾರಾ, ಅಷ್ಟು ದಿನವೇ ಹೆಚ್ಚಾಯಿತು ಅಂದಳು.

ಆ ಭಾನುವಾರದ ಅಡುಗೆಯನ್ನು ಚಿಕ್ಕಮುನಿಯಮ್ಮ ಯೋಚಿಸಬೇಕಾಗಲಿಲ್ಲ. ಪೂರಿ, ಆಲೂಗಡ್ಡೆ ಪಲ್ಯ, ಏಲಕ್ಕಿ ಟೀ. ಮದುವೆಯಲ್ಲಿ ಅಪ್ಪ ಕೊಟ್ಟಿದ್ದ ದೊಡ್ಡ ತಪ್ಪಲೆಯನ್ನು ಅಟ್ಟದಿಂದ ಇಳಿಸಿದಳು. ಅದರ ಹಿಂದೆಯೇ ಅಪ್ಪನ ಹಾಲಿನ ಕ್ಯಾನು ಸಿಕ್ಕಿತು. ಕೊಟ್ಟಿಗೆ ಹೋಗಿ, ಎಮ್ಮೆ ಹೋಗಿ, ಅಪ್ಪನೂ ಹೋಗಿ ಎಷ್ಟೋ ಕಾಲವಾಗಿದ್ದರೂ ಅದನ್ನು ಗುಜರಿಗೆ ಹಾಕಲು ಅವಳು ಬಿಟ್ಟಿರಲಿಲ್ಲ. ಕ್ಯಾನನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಹಿಡಿಕೆಯ ನೆಗ್ಗು ಕೈಗೆ ಸಿಕ್ಕಿತು. ಹೊಲದ ಬದುವಿನಲ್ಲಿ ಸೈಕಲ್ಲು ಜಾರಿ ಬಿದ್ದು ಆದ ನೆಗ್ಗು ಅದು. ಅಂದು ಹಾಲೆಲ್ಲ ರಾಗಿ ಹೊಲಕ್ಕೆ ಹರಿದಿತ್ತು, ಅಪ್ಪ ಬೈಯದೆ ಅವಳ ಮಂಡಿ ಒರೆಸಿದ್ದ. ಅವಳಿಗೆ ಅಪ್ಪ ಬೇಕೆನಿಸಿತು, ಇಷ್ಟು ವಯಸ್ಸಾದ ಮೇಲೂ ಹಾಗೆ ಬೇಕೆನಿಸುತ್ತದೆ. ಪಬ್ಬಿನ ಅಡುಗೆಯವರಿಬ್ಬರು ತಾವಾಗಿಯೇ ಬಂದು ಪೂರಿ ಕರಿಯಲು ನಿಂತರು. ಮಗ ಕೆಂಪರಾಜ, "ಏನಮ್ಮ, ಮನೆಯಲ್ಲಿ ಮದುವೆನಾ?" ಎಂದು ಗೊಣಗಿದರೂ ಕಾರಿಗೆ ಎಲ್ಲವನ್ನೂ ತಾನೇ ಎತ್ತಿಟ್ಟ.

ಕಂಬದ ಕೆಳಗೆ ಹುಲಿಗೆಪ್ಪ ತಪ್ಪಲೆಯ ಅಗಲ ನೋಡಿ, ಪುಟ್ಟಿಯ ತುಂಬ ಪೂರಿ ನೋಡಿ, ಕ್ಯಾನಿನ ಮುಚ್ಚಳ ತೆಗೆದಾಗ ಎದ್ದ ಏಲಕ್ಕಿ ವಾಸನೆಗೆ ಒಂದು ಕ್ಷಣ ಕಣ್ಣು ಮುಚ್ಚಿದ. ಆಮೇಲೆ ಅಂಗಿಯ ತೋಳು ಮಡಿಸಿ ಸೌಟು ಹಿಡಿದ. ಅವನ ಕಾಲು ಕುಂಟುತ್ತಿತ್ತು, ಕೈ ಕುಂಟಲಿಲ್ಲ. ಸಾಲು ಉದ್ದವಿತ್ತು, ಶಿವಾಜಿನಗರದ ಕಡೆಯಿಂದಲೂ ಯಾರೋ ಕೇಳಿಕೊಂಡು ಬಂದಿದ್ದರು. ಕೆಲವರು ಎರಡನೇ ಸಲ ಬಂದರು, ಅವರಿಗೂ ಬಡಿಸಿದ. ಮಧುಕರ್, ಜಹನಾರಾ, ಡ್ರೈವರ್ ಆಗಿ ಬಂದಿದ್ದ ಕೆಂಪರಾಜ, ಎಲ್ಲರನ್ನೂ ಗದರಿಸಿ ಸಾಲಿನಲ್ಲಿ ನಿಲ್ಲಿಸಿ ತಿನ್ನಿಸಿದ. ಕೊನೆಗೆ ಸಾಲಿನಲ್ಲಿ ಯಾರೂ ಉಳಿಯಲಿಲ್ಲ, ಪುಟ್ಟಿಯಲ್ಲಿ ಪೂರಿ ಇನ್ನೂ ಇತ್ತು.

ಗೆದ್ದೆ ಅಂದುಕೊಂಡಳು ಚಿಕ್ಕಮುನಿಯಮ್ಮ. ತಪ್ಪಲೆಯಲ್ಲಿದ್ದ ಪಲ್ಯವನ್ನೆಲ್ಲ ಬಳಿದು ತಟ್ಟೆಗೆ ಹಾಕಿ, ಪೂರಿ ಇಟ್ಟು ಅವನ ಮುಂದೆ ಹಿಡಿದಳು.

"ಈಗೇನಂತೀರಾ? ಎಲ್ರುದೂ ಆಯ್ತು. ತಿನ್ನಿ, ಮಾತ್ರೆ ತಗೊಳಿ, ಕಾರ್ ಹತ್ತಿ."

ಹುಲಿಗೆಪ್ಪ ತಟ್ಟೆ ತೆಗೆದುಕೊಂಡ. ಕಣ್ಣಿಗೊತ್ತಿಕೊಂಡ. ಆಮೇಲೆ ಅವಳನ್ನೇ ನೋಡಿದ.

"ನಿಮ್ದ್ ಆತೇನ್ರಿ ಅಕ್ಕಾರ?"

"ಆಯ್ತಾಯ್ತು. ಮನೇಲೇ ಆಯ್ತು."

"ಏನ್ ತಿಂದ್ರಿ?"

ಏನು ತಿಂದಿರಿ ಎಂದು ಯಾರಾದರೂ ಕೇಳಿಯಾರು ಎಂದು ಚಿಕ್ಕಮುನಿಯಮ್ಮ ಎಣಿಸಿರಲಿಲ್ಲ, ಸುಳ್ಳನ್ನು ಅಷ್ಟು ದೂರ ಹೊಲಿದಿರಲಿಲ್ಲ.

"ಸುಳ್ಳ ಹೇಳಬ್ಯಾಡ್ರಿ. ಉಂಡವ್ರ ಮುಖ ನನಗ ಗೊತ್ತಾಕ್ಕೈತಿ. ಹನ್ನೆರಡ ವರ್ಷ ಅದನ್ನ ನೋಡೇನಿ. ನಿಮ್ಮ ಕೈ ನಡಗಾಕ ಹತ್ಯಾವ." ಅವನು ತಟ್ಟೆಯನ್ನು ಕೆಳಗಿಟ್ಟ. "ಅಡಗಿ ಮಾಡಿದವ್ರು ಉಂಡಿಲ್ಲ ಅಂದ್ರ ಮಂದೀದ್ ಮುಗದಿಲ್ಲ. ಮೊದ್ಲ ನಿಮ್ದು."

"ಅಯ್ಯೋ, ನಾನು ಆಮೇಲೆ ತಿಂತೀನಿ. ನೀವು ಗಂಡಸ್ರು, ಕಾಯಿಲೆಯೋರು, ತಿನ್ನಿ ಮೊದ್ಲು."

"ನಂದೂ ಆಮ್ಯಾಲ."

"ನಾನ್ಯಾವತ್ತೂ ಬಡಿಸೋಕ್ ಮುಂಚೆ ತಿಂದೋಳಲ್ಲ."

"ನಾನೂ ಅಲ್ರಿ."

ಇಬ್ಬರ ನಡುವೆ ತಟ್ಟೆ ಆರುತ್ತಿತ್ತು. ಜಹನಾರಾ ಕೈಯಲ್ಲಿ ಮಾತ್ರೆ ಹಿಡಿದು ನಿಂತಿದ್ದಳು, ಮಧುಕರ್ ಆಶ್ರಮದಿಂದ ಬಂದ ಫೋನನ್ನು ಎತ್ತದೆ ನಿಂತಿದ್ದರು. ಚಿಕ್ಕಮುನಿಯಮ್ಮನಿಗೆ ಮೊದಲು ಸಿಟ್ಟು ಬಂತು. ಇವನೆಂಥ ಹಟಮಾರಿ, ಇಷ್ಟು ಮಾಡಿದ ಮೇಲೂ! ಆಮೇಲೆ ಸಿಟ್ಟಿನ ಅಡಿಯಿಂದ ಬೇರೇನೋ ಎದ್ದಿತು. ಅವಳವ್ವ ಒಲೆಯ ಹಿಂದೆ ಗೋಡೆಗೆ ಮುಖ ಮಾಡಿ ಕೂತು ತಳ ಹತ್ತಿದ ಸೀಕಲು ಮುದ್ದೆಯನ್ನು ಸಾರಿಲ್ಲದೆ ನುಂಗುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಹವಾಲ್ದಾರ ಯಾಕೆ ಅಷ್ಟೇ ತಿನ್ನುತ್ತಾನೆ ಎಂದು ಅಪ್ಪನನ್ನು ಕೇಳಿದವಳು, ಅವ್ವ ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ. ಗಂಡ ಮುನಿವೆಂಕಟಪ್ಪ ಒಳ್ಳೆಯವನು, ಕೈ ಎತ್ತಿದವನಲ್ಲ, ಊಟ ಚೆನ್ನಾಗಿದೆ ಎಂದು ಹೇಳುತ್ತಿದ್ದವನು. ಆದರೆ ಹೇಳಿ, ಕೈ ತೊಳೆದು, ಎದ್ದು ಹೋಗುತ್ತಿದ್ದ. ತಿಂದೆಯಾ ಎಂದು ಕೇಳಿದವರು ಅವಳ ಬದುಕಿನಲ್ಲಿ ಬೇಕಾದಷ್ಟು ಜನ ಇದ್ದರು. ಅವಳು ತಿನ್ನುವ ತನಕ ತಮ್ಮ ತಟ್ಟೆ ಮುಟ್ಟದೆ ಕಾದವರು ಇದೇ ಮೊದಲು, ಅದೂ ಒಂದು ಕಂಬದ ಕೆಳಗೆ.

ಅವಳು ಖಾಲಿ ತಪ್ಪಲೆಯನ್ನು ಬೋರಲು ಹಾಕಿದಳು. ಸೆರಗು ಸಿಕ್ಕಿಸಿಕೊಂಡು ಅದರ ಮೇಲೆ ಕೂತಳು. ಹುಲಿಗೆಪ್ಪ ಇನ್ನೊಂದು ತಟ್ಟೆಗೆ ಪೂರಿ ಇಟ್ಟು, ತನ್ನ ಪಾಲಿನಿಂದ ಪಲ್ಯ ತೆಗೆದು ಹಾಕಿ, ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ. ಕೂತು, ಬಿಸಿಲಿನಲ್ಲಿ, ಎಲ್ಲರ ಮುಂದೆ, ಒಬ್ಬ ಗಂಡಸು ಕಾಯುತ್ತಿರುವಾಗ ತಿನ್ನಲು ಅವಳಿಗೆ ಬಹಳ ನಾಚಿಕೆಯಾಯಿತು. ಅತ್ತಳು, ತಿಂದಳು. ಪಲ್ಯಕ್ಕೆ ಉಪ್ಪು ಒಂದು ಕಲ್ಲು ಕಡಿಮೆಯಾಗಿತ್ತು ಎಂದು ಅವಳಿಗೆ ಆಗ ಗೊತ್ತಾಯಿತು.

"ಉಪ್ಪು ಕಮ್ಮಿ ಆಗಿದೆ," ಎಂದಳು, ಮೂಗೊರೆಸಿಕೊಳ್ಳುತ್ತ.

"ಸುಮ್ನ ಉಣ್ರಿ," ಎಂದ ಹುಲಿಗೆಪ್ಪ.

ಅವಳ ತಟ್ಟೆ ಖಾಲಿಯಾದ ಮೇಲೆ ಅವನು ತನ್ನ ತಟ್ಟೆ ಎತ್ತಿದ. ಆತುರವಿಲ್ಲದೆ, ಒಂದು ಚೂರೂ ಬಿಡದೆ ತಿಂದ. ಮಗ್ಗು ಇರಲಿಲ್ಲ, ಸ್ಟೀಲಿನ ಚೊಂಬಿನಲ್ಲೇ ಟೀ ಕುಡಿದ. ಜಹನಾರಾ ಕೊಟ್ಟ ಮಾತ್ರೆಯನ್ನು ಮರುಮಾತಿಲ್ಲದೆ ನುಂಗಿದ. ಅವಳು "ಅಲ್ಹಮ್ದುಲಿಲ್ಲಾ" ಎಂದು ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

ಕಾರಿನ ಬಾಗಿಲು ತೆಗೆದಾಗ ಮಾತ್ರ ಅವನು ಮತ್ತೆ ನಿಂತ. ಫುಟ್‌ಪಾತಿನ ಉದ್ದಕ್ಕೂ ನೋಡಿದ. ಇಲ್ಲಿ ಮಂದಿ ಇದ್ದಾರೆ ಅನ್ನುವ ಮಾತು ಬಾಯಿಗೆ ಬಂದದ್ದು ಎಲ್ಲರಿಗೂ ಕಂಡಿತು.

"ನಾನಿದೀನಿ," ಎಂದಳು ಚಿಕ್ಕಮುನಿಯಮ್ಮ. "ಪ್ರತಿ ಭಾನುವಾರ ಇಷ್ಟೇ ಮಾಡ್ತೀನಿ, ಎಲ್ರಿಗೂ. ನಮ್ಮಪ್ಪನ ಕ್ಯಾನ್ ಮೇಲಾಣೆ. ಹೋಗಿ ಕಾಲು ವಾಸಿ ಮಾಡ್ಕೊಳಿ."

ಅವನು ಸೌಟನ್ನು ತೊಳೆದು, ಅಂಗಿಗೆ ಒರೆಸಿ, ಕಾವೇರಿಯನ್ನು ಕರೆದು ಅವಳ ಕೈಗೆ ಕೊಟ್ಟ. ಅವಳ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ. ಕಾವೇರಿ ತಲೆಯಾಡಿಸಿದಳು. ಆಮೇಲೆ ನಾಲ್ಕು ಮೂಲೆ ಕೂಡುವಂತೆ ಮಡಿಸಿದ ಹಾಸಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾರು ಹತ್ತಿದ.

"ನನ್ನ ಚಿತ್ರಾನ್ನ ನೀವಿನ್ನೂ ತಿಂದಿಲ್ಲ," ಎಂದಳು ಅವಳು ಕಿಟಕಿಯ ಹತ್ತಿರ.

"ತರ್ರಿ. ಆದ್ರ ಅಲ್ಲಿ ಎಷ್ಟ ಮಂದಿ ಅದಾರ ಕೇಳ್ಕೊಂಡ ತರ್ರಿ."

ಮುಂದಿನ ಭಾನುವಾರ ಚಿಕ್ಕಮುನಿಯಮ್ಮ ಚಿತ್ರಾನ್ನವನ್ನೇ ಮಾಡಿದಳು. ಒಂದು ಪಾತ್ರೆ ಕೆ.ಆರ್. ಪುರದ ಕಡೆ ಹೋಯಿತು. ಗಾಯದ ಕಪ್ಪು ಹೋಗಿ ಕೆಂಪಿಗೆ ತಿರುಗಿದೆ, ಕಾಲು ಉಳಿಯುತ್ತದೆ ಎಂದು ಜಹನಾರಾ ಫೋನಿನಲ್ಲಿ ಹೇಳಿದ್ದಳು. ಹುಲಿಗೆಪ್ಪ ಆಶ್ರಮದ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಎಲ್ಲರೂ ಉಂಡರೇ ಎಂದು ವಿಚಾರಿಸುತ್ತಿದ್ದಾನಂತೆ. ಇನ್ನೊಂದು ಪಾತ್ರೆ, ಅಂದರೆ ಅಪ್ಪನ ತಪ್ಪಲೆ, ಹಲಸೂರಿನ ಕಂಬದ ಕೆಳಗೆ ಬಂತು. ಕಾವೇರಿ ಸೌಟು ಹಿಡಿದು ನಿಂತಳು. ಮೊದಲು ಸಣ್ಣವರು, ಆಮೇಲೆ ದೊಡ್ಡವರು. ಅವಳ ಕೈಯಲ್ಲಿ ಇನ್ನೂ ಅವನಷ್ಟು ಹದ ಇರಲಿಲ್ಲ, ಒಬ್ಬಿಬ್ಬರಿಗೆ ಹೆಚ್ಚು ಬಿತ್ತು, ಆದರೂ ಯಾರಿಗೂ ತಪ್ಪಲಿಲ್ಲ.

ಎಲ್ಲ ಮುಗಿದು ಮಧುಕರ್ ಪಾತ್ರೆ ಎತ್ತಲು ಬಂದರು. ಚಿಕ್ಕಮುನಿಯಮ್ಮ ಮನೆಗೆ ಹೊರಡುವ ಹೊತ್ತಾಯಿತು ಎಂದು ಸೆರಗು ಸರಿಮಾಡಿಕೊಂಡಳು. ಕಾವೇರಿ ಹಾದಿಗೆ ಅಡ್ಡ ಬಂದಳು.

"ಯಕ್ಕಾ, ನಿಮ್ದ್ ಆತೇನ್ರಿ?"

"ನಾನು ಆಮೇ..." ಅಂದವಳ ಮಾತು ಅಲ್ಲೇ ನಿಂತಿತು.

ಕಂಬದ ಬುಡದಲ್ಲಿ ಬಡಿಸಿ, ಮೇಲೆ ಬೇರೆ ತಟ್ಟೆ ಮುಚ್ಚಿಟ್ಟ ಎರಡು ತಟ್ಟೆ ಇದ್ದವು. ಒಂದು ಕಾವೇರಿಯದು. ಬೆಳಗಿನಿಂದ ಬಡಿಸಿದವಳು ಅದನ್ನು ಮುಟ್ಟಿರಲಿಲ್ಲ.

"ಮುತ್ತ್ಯಾ ಹೇಳಿ ಹೋಗ್ಯಾರ್ರಿ," ಎಂದಳು ಕಾವೇರಿ. "ನಿಮ್ದ್ ಆಗೂತನಾ ನಾ ಉಣ್ಣಂಗಿಲ್ಲ. ನನಗೂ ಹೊಟ್ಟಿ ಭಾಳ ಹಸದೈತಿ, ಲಗೂನ ಕುಂದರ್ರಿ."

ಚಿಕ್ಕಮುನಿಯಮ್ಮ ಮಧುಕರ್ ಅವರ ಕೈಯಿಂದ ತಪ್ಪಲೆಯನ್ನು ವಾಪಸ್ಸು ತೆಗೆದುಕೊಂಡಳು. ಬೋರಲು ಹಾಕಿ, ಅದರ ಮೇಲೆ ಕೂತು, ಕೈ ಚಾಚಿದಳು.

"ಕೊಡಮ್ಮ," ಎಂದಳು.